ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ: 1991ರ ಮಾರುತಿ 800

ತೋಟದಮನೆ | ಶನಿವಾರ ರಾತ್ರಿ 8.50

ಊರು ಸಿದ್ದಾಪುರ ತಾಲ್ಲೂಕು, ಉದ್ಯೋಗ ಬೆಂಗಳೂರು. ದೀಪಾವಳಿಗೆಂದು ಮನೆಗೆ ಬಂದವನು ಎರಡು ದಿನದಿಂದ ಅಪ್ಪಯ್ಯನ ಕಾರಿನ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು ಕುಳಿತಿದ್ದೇನೆ.

ಗಾಡಿ 1991ರ ಮಾರುತಿ 800. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನದು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಹಳೆಯದು, ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಇರುವಂಥದ್ದು. ಜೂನ್ ಕೊನೆಯಲ್ಲಿ ಮಳೆ ಹಿಡಿದಾಗ ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಸೇರಿದ ಕಾರನ್ನು ಮೊನ್ನೆಯವರೆಗೆ ಯಾರೂ ಮುಟ್ಟಿರಲಿಲ್ಲ. ಕೀ ತಿರುಗಿಸಿದರೆ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರ್ ಲವಲವಿಕೆಯಿಂದಲೇ ತಿರುಗುತ್ತದೆ. ಬ್ಯಾಟರಿಯನ್ನು ಅಪ್ಪಯ್ಯ ಮೇ ತಿಂಗಳಲ್ಲಿ ಹೊಸದಾಗಿ ಹಾಕಿಸಿದ್ದಾರೆ, ಮೀಟರಿನಲ್ಲಿ 12.4 ವೋಲ್ಟ್ ತೋರಿಸುತ್ತದೆ. ಎಂಜಿನ್ ಮಾತ್ರ ಹತ್ತಿಕೊಳ್ಳುವುದೇ ಇಲ್ಲ.

ಪೇಟೆಯಿಂದ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆವು. ಬೆಳಿಗ್ಗೆ ಕಾರ್ಬುರೇಟರ್ ಬಿಚ್ಚಿ ತೊಳೆದರು. ಮಧ್ಯಾಹ್ನ ಹೊಸ ಪ್ಲಗ್ ಮೂರು, ಊಟವಾದ ಮೇಲೆ ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್ ಹೊಸದು, ಚಹಾ ಆದ ಮೇಲೆ ಹೊಸ ಕಂಡೆನ್ಸರ್. ಸಂಜೆ ಐದಕ್ಕೆ, ಟೈಮಿಂಗ್ ಬೆಲ್ಟ್ ಹೋಗಿರಬೇಕು, ಗಾಡಿಯನ್ನು ಕಟ್ಟಿ ಎಳೆದುಕೊಂಡು ಬನ್ನಿ ಎಂದು ಹೇಳಿ ಹೊರಟರು. ಅಷ್ಟರಲ್ಲಿ ಮೂರು ಸಾವಿರ ದಾಟಿತ್ತು.

ಆರ್‌ಸಿ ನವೀಕರಣದ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಶಿರಸಿ ಆರ್‌ಟಿಒ ಮುಂದೆ ಗಾಡಿ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಎಳೆಸಿಕೊಂಡು ಹೋಗುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಏನಾದರೂ ಇದೆಯೇ? ಪಾನಾ ಸೆಟ್ಟು, ಕಟಿಂಗ್ ಪ್ಲೈಯರ್, ಒಂದು ಮಲ್ಟಿಮೀಟರ್ ಇವೆ. ಸಹಾಯಕ್ಕೆ ಭಾವ ಇದ್ದಾನೆ.

ಹೆದ್ದಾರಿ ಹುಡುಗ | ಶನಿವಾರ ರಾತ್ರಿ 8.58

ಪೆಟ್ರೋಲ್ ಪಂಪ್ ಹೋಗಿದೆ. ನಮ್ಮ ಚಿಕ್ಕಪ್ಪನ ಓಮ್ನಿಗೂ ಹೀಗೆಯೇ ಆಗಿತ್ತು. ಪಂಪ್ ಬದಲಿಸಿ, ಎಲ್ಲ ಸರಿಹೋಗುತ್ತದೆ.

ನಿತ್ಯ ಪ್ರಯಾಣಿಕ | ಶನಿವಾರ ರಾತ್ರಿ 9.05

35 ವರ್ಷದ ಗಾಡಿಗೆ ಇನ್ನೂ ಎಷ್ಟು ಸುರಿಯುತ್ತೀರಿ? ಗುಜರಿಗೆ ಕೊಟ್ಟು ಆ ದುಡ್ಡಿಗೆ ಹಬ್ಬ ಮಾಡಿ.

ಹಳೆಯ ಪಾನಾ | ಶನಿವಾರ ರಾತ್ರಿ 9.40

ತೋಟದಮನೆಯವರೇ, ಮೊದಲು ಪರ್ಸನ್ನು ಒಳಗಿಡಿ. ಇನ್ನು ಮುಂದೆ ಕಾರಣ ಗೊತ್ತಾಗುವವರೆಗೆ ಒಂದು ವಾಷರನ್ನೂ ಕೊಳ್ಳಬೇಡಿ. ಹೆದ್ದಾರಿ ಹುಡುಗರ ಚಿಕ್ಕಪ್ಪನ ಓಮ್ನಿಯ ಪಂಪು ಹೋಗಿತ್ತು ಎಂದ ಮಾತ್ರಕ್ಕೆ ನಿಮ್ಮದೂ ಹೋಗಿರಬೇಕೆಂದಿಲ್ಲ.

ನಾನು ದಾವಣಗೆರೆಯಲ್ಲಿ 31 ವರ್ಷ ಗ್ಯಾರೇಜು ನಡೆಸಿದವನು. ಸೆಲ್ಫ್ ತಿರುಗುತ್ತದೆ ಎಂದರೆ ಬ್ಯಾಟರಿ, ಸೆಲ್ಫ್ ಮೋಟಾರ್, ಅದರ ದಪ್ಪ ವೈರು ಇಷ್ಟಕ್ಕೂ ಒಂದು ನಮಸ್ಕಾರ ಹಾಕಿ ಪಕ್ಕಕ್ಕಿಡಬಹುದು. ಉಳಿದದ್ದು ಕಿಡಿ, ಪೆಟ್ರೋಲ್, ಗಾಳಿ, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಬಲ). ಸರಿಯಾದ ಹೊತ್ತಿಗೆ ಈ ನಾಲ್ಕೂ ಸಿಕ್ಕರೆ ಎಂಜಿನ್ ಹತ್ತಿಕೊಳ್ಳದೆ ಬೇರೆ ದಾರಿಯಿಲ್ಲ.

ಬೆಲ್ಟ್ ವಿಷಯವನ್ನು ಐದು ನಿಮಿಷದಲ್ಲಿ ತೀರ್ಮಾನಿಸಬಹುದು, ಗಾಡಿ ಎಳೆಯಬೇಕಾಗಿಲ್ಲ. ಈ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರು ತಿರುಗುವುದು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನಿಂದ. ಪೆಟ್ರೋಲ್ ಪಂಪಿನ ಕಡ್ಡಿಯನ್ನು ಒತ್ತುವುದೂ ಅದೇ ಕ್ಯಾಮ್. ಆ ಕ್ಯಾಮನ್ನು ತಿರುಗಿಸುವುದು ಬೆಲ್ಟ್. ಹಾಗಾಗಿ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದಿಟ್ಟು ಸೆಲ್ಫ್ ಹೊಡೆಸಿ. ಒಳಗಿನ ರೋಟರ್ ತಿರುಗಿದರೆ ಬೆಲ್ಟ್ ತುಂಡಾಗಿಲ್ಲ. ಹಲ್ಲು ಜಾರಿರಬಹುದು, ಆದರೆ ಅದು ಆಮೇಲಿನ ಮಾತು. ತುಂಡಾಗಿದ್ದರೆ ಸೆಲ್ಫಿನ ಸದ್ದೇ ಬೇರೆಯಾಗುತ್ತದೆ: ಏರಿಳಿತವಿಲ್ಲದೆ, ಖಾಲಿ ಗಿರಣಿ ತಿರುಗಿದ ಹಾಗೆ.

ಕ್ಯಾಪ್ ಕೈಗೆ ಬಂದಾಗಲೇ ಒಳಗೆ ಬೆರಳಾಡಿಸಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಅದು ಬೆವರದಿದ್ದರೆ ಆಶ್ಚರ್ಯ. ಪಾಯಿಂಟಿಗೆ ಹಸಿರು ಹಿಡಿದಿದೆಯೇ ನೋಡಿ, ಸಂದು 0.4ರಿಂದ 0.5 ಮಿಲಿಮೀಟರ್ ಇರಬೇಕು.

ಆಮೇಲೆ ಕಿಡಿ. ಮೆಕ್ಯಾನಿಕ್ ತೆಗೆದ ಹಳೆಯ ಪ್ಲಗ್ ಎಸೆದಿಲ್ಲ ತಾನೇ? ಅದನ್ನು ಒಂದು ಪ್ಲಗ್ ವೈರಿಗೆ ಸಿಕ್ಕಿಸಿ, ಮರೆಯಿರುವ ಕಡೆ ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ ಇಡಿ. ಕೈಯಲ್ಲಿ ಹಿಡಿಯಬೇಡಿ, ಹೊಡೆತಕ್ಕೆ ತಲೆ ಹೋಗಿ ಬಾನೆಟ್ಟಿಗೆ ಬಡಿಯುತ್ತದೆ. ಹಾಕಿರುವ ಪ್ಲಗ್‌ಗಳನ್ನು ಬಿಚ್ಚಬೇಡಿ, ತೆರೆದ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತದೆ.

ಪೆಟ್ರೋಲ್ ಪರೀಕ್ಷೆ ಕೊನೆಗೆ ಇರಲಿ. ಕಾರ್ಬುರೇಟರಿಗೆ ಬರುವ ಪೈಪನ್ನು ಗಾಜಿನ ಬಾಟಲಿಯೊಳಗೆ ಬಿಟ್ಟು ಸೆಲ್ಫ್ ಹೊಡೆಸಿ. ಆಗ ಕಾಯಿಲಿನ ನಡುವಣ ವೈರು ಡಿಸ್ಟ್ರಿಬ್ಯೂಟರಿನಿಂದ ಹೊರಗಿದ್ದು ಅರ್ತ್ ಆಗಿರಲಿ, ಬೀಡಿ ಸೇದುವವರು ಅಂಗಳದ ಆಚೆ ಇರಲಿ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಈಗಿರುವುದು ಒಂದು ಕಾಯಿಲೆ, ಸೆಲ್ಫ್ ಸುಟ್ಟರೆ ಎರಡು.

ತೋಟದಮನೆ | ಭಾನುವಾರ ಬೆಳಿಗ್ಗೆ 11.20

ಪಾನಾ ಅವರೇ, ಬೆಳಗಿನ ತಿಂಡಿಗೂ ಮೊದಲು ಶುರುಮಾಡಿದೆವು.

ರೋಟರ್ ತಿರುಗುತ್ತದೆ. ಸೆಲ್ಫಿನ ಸದ್ದಿನಲ್ಲಿ ಏರಿಳಿತವೂ ಇದೆ. ಅಲ್ಲಿಗೆ ಬೆಲ್ಟ್ ತುಂಡಾಗಿಲ್ಲ.

ಕ್ಯಾಪಿನ ಒಳಗೆ ನೀವು ಹೇಳಿದಂತೆ ತೇವ. ಬಚ್ಚಲ ಒಲೆಯ ಕಟ್ಟೆಯ ಮೇಲೆ ಅರ್ಧ ಗಂಟೆ ಇಟ್ಟೆವು. ಅಮ್ಮ ಅದರ ಪಕ್ಕದಲ್ಲೇ ಅಪ್ಪಯ್ಯನ ಮಫ್ಲರನ್ನೂ ಒಣಗಿಸಿಕೊಂಡರು. ಪಾಯಿಂಟಿನ ಮುಖವನ್ನು ನಯವಾದ ಉಜ್ಜುಕಾಗದದಿಂದ ಒರೆಸಿ, ಫೀಲರ್ ಗೇಜಿನಲ್ಲಿ 0.45ಕ್ಕೆ ಇಟ್ಟೆ.

ಏರ್ ಫಿಲ್ಟರಿನ ಡಬ್ಬಿ ತೆಗೆದಾಗ ಬೇರೊಂದು ಸಂಸಾರವೇ ಕಂಡಿತು. ಒಣ ಅಡಿಕೆ ಸಿಪ್ಪೆ, ಗೋಣಿಯ ನಾರು, ನಮ್ಮದೇ ಹಳೆಯ ಪಂಚಾಂಗದ ಚೂರು, ಎಲ್ಲ ಸೇರಿಸಿ ಇಲಿ ಗೂಡು ಕಟ್ಟಿತ್ತು. ಕಾರ್ಬುರೇಟರ್ ತೊಳೆದ ಮೆಕ್ಯಾನಿಕ್ ಈ ಡಬ್ಬಿಯನ್ನು ಹಾಗೆಯೇ ಎತ್ತಿಟ್ಟು ಹಾಗೆಯೇ ಕೂರಿಸಿದ್ದರು! ಪೂರ್ತಿ ತೆಗೆದು ಫಿಲ್ಟರ್ ಇಲ್ಲದೆಯೇ ನೋಡಿದೆವು. ಪ್ರಯೋಜನವಾಗಲಿಲ್ಲ. ಇಲಿ ವೈರು ಕಡಿದಿರಬಹುದೆಂದು ಹುಡುಕಿದೆ, ಹಾಗೇನೂ ಕಾಣಲಿಲ್ಲ.

ಕಿಡಿ ಇದೆ. ಭಾವ ಕೀ ತಿರುಗಿಸಿದ, ನಾನು ಚೀಲ ಮರೆಮಾಡಿ ನೋಡಿದೆ. ಚಟ್ ಎಂದು ನೀಲಿ ಕಿಡಿ ಬಂತು.

ಪೆಟ್ರೋಲೂ ಇದೆ. ಪುಸಕ್ ಪುಸಕ್ ಎಂದು ಬಾಟಲಿಗೆ ಬೀಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಕಾರ್ಬುರೇಟರಿನ ಬಾಯೊಳಗೆ ಸಣ್ಣ ಪಿಚಕಾರಿ ಚಿಮ್ಮುವುದೂ ಕಾಣುತ್ತದೆ.

ಕಿಡಿ, ಪೆಟ್ರೋಲ್, ಗಾಳಿ, ಕಂಪ್ರೆಷನ್ ನಾಲ್ಕೂ ಇವೆ. ಆದರೂ ಸ್ಟಾರ್ಟ್ ಇಲ್ಲ.

ಉಡುಪಿ-ಮಸ್ಕತ್ | ಭಾನುವಾರ ಮಧ್ಯಾಹ್ನ 12.45

ಬಾಟಲಿಯ ಪೆಟ್ರೋಲನ್ನು ಚೆಲ್ಲಿಬಿಟ್ಟಿರಾ? ಇದ್ದರೆ ಒಂದು ಗಂಟೆ ಅಲುಗಾಡಿಸದೆ ಇಟ್ಟು ತಳ ನೋಡಿ. ಬೇರೆಯೇ ಪದರ ಕಂಡರೆ ನೀರು. ಪೆಟ್ರೋಲಿನ ಹೆಸರಿನಲ್ಲಿ ನೀರು ಬಂದರೂ ಪುಸಕ್ ಎಂದೇ ಬೀಳುತ್ತದೆ, ಪಂಪಿಗೇನು ಗೊತ್ತು.

ನನ್ನ ಹಳೆಯ ಪದ್ಮಿನಿ ಕಾರು ಉಡುಪಿಯಲ್ಲಿ ಅಣ್ಣನ ಮನೆಯಲ್ಲಿದೆ, ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಎಬ್ಬಿಸುತ್ತೇನೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಎಥನಾಲಿಗೆ ನೀರಿನ ಮೇಲೆ ಮೋಹ ಹೆಚ್ಚು, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಮಿತಿಮೀರಿದಾಗ ನೀರೂ ಎಥನಾಲೂ ಜೊತೆಯಾಗಿ ಪೆಟ್ರೋಲನ್ನು ತೊರೆದು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೈಪು ಹೀರುವುದು ತಳದಿಂದಲೇ. ನಾಲ್ಕು ತಿಂಗಳು ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಗೆ ಇದು ಆಗದ ಮಾತಲ್ಲ. ವಾಸನೆಯನ್ನೂ ನೋಡಿ. ಹಳಸಿದ ಪೆಟ್ರೋಲ್ ಮೂಗಿಗೆ ಚುಚ್ಚುವುದಿಲ್ಲ, ಬಣ್ಣದಂಗಡಿಯ ವಾರ್ನಿಷ್ ಹಾಗೆ ನಾರುತ್ತದೆ.

ಹೆದ್ದಾರಿ ಹುಡುಗ | ಭಾನುವಾರ ಮಧ್ಯಾಹ್ನ 1.02

ಎಲ್ಲದಕ್ಕೂ ಎಥನಾಲನ್ನು ದೂರುವುದು ಈಗ ಚಾಳಿಯಾಗಿದೆ. ನನ್ನ ಗಾಡಿ ಎರಡು ವರ್ಷದಿಂದ ಇ20ಯಲ್ಲೇ ಓಡುತ್ತಿದೆ.

ಉಡುಪಿ-ಮಸ್ಕತ್ | ಭಾನುವಾರ ಮಧ್ಯಾಹ್ನ 1.15

ನಿಮ್ಮದು ದಿನವೂ ಓಡುವ ಗಾಡಿ, ಅದಕ್ಕೆ ತಕ್ಕ ರಬ್ಬರು ಹಾಕಿಕೊಂಡೇ ಬಂದಿರುತ್ತದೆ. ಇ20 ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 1991ರಲ್ಲಿ ಈ ಕಾರಿನ ಪೈಪು, ಪಂಪಿನ ಡಯಾಫ್ರಾಮು ಮಾಡಿದವರಿಗೆ ಅದು ಕನಸಿನಲ್ಲೂ ಬಂದಿರಲಾರದು. ನಾನು ಪದ್ಮಿನಿಗೆ ಎರಡು ಸಲ ಪೈಪು ಬದಲಿಸಿದ್ದೇನೆ, ಅನುಭವದಿಂದ ಹೇಳುತ್ತಿದ್ದೇನೆ.

ತೋಟದಮನೆ | ಭಾನುವಾರ ಮಧ್ಯಾಹ್ನ 3.30

ಜಗಳ ಬೇಡ, ಫಲಿತಾಂಶ ಇಲ್ಲಿದೆ. ಬಾಟಲಿಯಲ್ಲಿ ಪದರವಿಲ್ಲ. ವಾಸನೆ ಸ್ವಲ್ಪ ಹಳಸಲೇ. ಟ್ಯಾಂಕಿನಲ್ಲಿದ್ದುದನ್ನು ಎಳೆದು ತೆಗೆದು ಸಿದ್ದಾಪುರದಿಂದ ಐದು ಲೀಟರ್ ಹೊಸದು ತಂದು ಹಾಕಿದೆವು, ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿ ತುಂಬಿಸಿದೆವು. ಹಳೆಯದು ಈಗ ಹುಲ್ಲು ಕತ್ತರಿಸುವ ಯಂತ್ರದ ಪಾಲು. ಗಾಡಿ ಹಾಗೆಯೇ ಇದೆ.

ಹಳೆಯ ಪಾನಾ | ಭಾನುವಾರ ಸಂಜೆ 4.10

ಇಷ್ಟು ಹೊತ್ತಿಗೆ ಎಂಜಿನ್ನಿಗೆ ಪೆಟ್ರೋಲ್ ಕುಡಿಸಿ ಕುಡಿಸಿ ಹೊಟ್ಟೆ ಉಬ್ಬಿಸಿರುತ್ತೀರಿ. ಪ್ಲಗ್ ಬಿಚ್ಚಿ ನೋಡಿ, ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ. ಪ್ಲಗ್ ತೆಗೆದಿರುವಾಗ ಕಾಯಿಲಿನ ವೈರನ್ನು ಬಿಡಿಸಿಟ್ಟು ನಾಲ್ಕು ಸುತ್ತು ಸೆಲ್ಫ್ ಹೊಡೆಸಿದರೆ ಒಳಗಿದ್ದದ್ದು ಹೊರಗೆ ಬರುತ್ತದೆ. ಮತ್ತೆ ಹಾಕಿ, ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದು ಪ್ರಯತ್ನಿಸಿ. ಪಂಪ್ ಮಾಡಬೇಡಿ, ಒತ್ತಿ ಹಿಡಿಯಿರಿ.

ಇನ್ನೊಂದು: ಪ್ಲಗ್ ವೈರು ಅದಲುಬದಲಾಗಿದೆಯೇ? ಹೊಸ ಪ್ಲಗ್ ಹಾಕಿದ ಕೈ ಗಡಿಬಿಡಿಯದಾಗಿದ್ದರೆ ಇದು ಸಾಮಾನ್ಯ. ಮೂರೇ ಸಿಲಿಂಡರ್, ಉರಿಯುವ ಕ್ರಮ 1-3-2. ರೋಟರ್ ತಿರುಗುವ ದಿಕ್ಕಿನಲ್ಲಿ ಕ್ಯಾಪಿನ ಮೇಲೆ ಅದೇ ಕ್ರಮ ಬರಬೇಕು.

ತೋಟದಮನೆ | ಭಾನುವಾರ ಸಂಜೆ 6.25

ವೈರುಗಳ ಕ್ರಮ ಸರಿಯಿದೆ. ಪ್ಲಗ್ ಮೂರೂ ಒದ್ದೆ ಇದ್ದವು, ಒಣಗಿಸಿ ಹಾಕಿದೆ. ಹೇಳಿದಂತೆಯೇ ಮಾಡಿದೆ, ಹತ್ತಲಿಲ್ಲ.

ಒಂದು ವಿಚಿತ್ರ. ಎಷ್ಟು ಹೊತ್ತು ಸೆಲ್ಫ್ ಹೊಡೆದರೂ ಮೌನವಾಗಿರುವ ಎಂಜಿನ್, ಸೋತು ಕೀ ಬಿಟ್ಟ ಕ್ಷಣಕ್ಕೆ ಒಮ್ಮೆ ಕೆಮ್ಮುತ್ತದೆ. ಈಗ ಹತ್ತಿತು ಎಂದು ಮತ್ತೆ ಕೀ ತಿರುಗಿಸಿದರೆ ಪುನಃ ಮೌನ. ಬಿಟ್ಟರೆ ಕೆಮ್ಮು. ಭಾವ ಇದನ್ನು ಗಾಡಿಯ ಕುಚೇಷ್ಟೆ ಎನ್ನುತ್ತಾನೆ. ಕಾರಣವೇನೋ ತಿಳಿಯದು, ಬರೆದಿಡೋಣ ಎಂದು ಬರೆದೆ.

ಓಮನ ನಿಯಮ | ಭಾನುವಾರ ರಾತ್ರಿ 9.15

ಬೆಳಗಿನಿಂದ ಓದುತ್ತಿದ್ದೆ. ಹಾಸನದಲ್ಲಿ ಪಾಲಿಟೆಕ್ನಿಕ್ ಉಪನ್ಯಾಸಕಿ, ಪಾಠ ಮಾಡುವುದು ಎಲೆಕ್ಟ್ರಿಕಲ್. ನಿಮ್ಮ ಕೊನೆಯ ನಾಲ್ಕು ಸಾಲು ಈ ಎರಡು ದಿನದಲ್ಲಿ ಬಂದ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಕಿಡಿ ಇದೆ ಎಂದು ಬರೆದಿರಿ. ನನ್ನ ಪ್ರಶ್ನೆ: ಎಷ್ಟು ಕಿಡಿ? ಯಾವಾಗ?

ಸೆಲ್ಫ್ ಎಂಜಿನ್ನನ್ನು ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿಸುತ್ತದೆ ಎಂದು ಇಟ್ಟುಕೊಳ್ಳಿ. ಒಂದು ಪ್ಲಗ್‌ಗೆ ಎರಡು ಸುತ್ತಿಗೊಮ್ಮೆ ಕಿಡಿ. ಅಂದರೆ ಐದು ಸೆಕೆಂಡಿನಲ್ಲಿ ಅದೇ ಪ್ಲಗ್‌ನಲ್ಲಿ ಎಂಟರ ಹತ್ತಿರ ಕಿಡಿ ಕಾಣಬೇಕು, ಗಡಿಯಾರದ ಹಾಗೆ ಒಂದೇ ಅಂತರದಲ್ಲಿ. ನೀವು ಬರೆದದ್ದು "ಚಟ್ ಎಂದು ನೀಲಿ ಕಿಡಿ ಬಂತು" ಎಂದು. ಅದು ಏಕವಚನ.

ಕಾಯಿಲ್ ಕಿಡಿ ಕೊಡುವುದು ಕರೆಂಟು ಬಂದಾಗ ಅಲ್ಲ, ಹರಿಯುತ್ತಿದ್ದ ಕರೆಂಟು ಕಡಿದಾಗ. ಪಾಯಿಂಟ್ ತೆರೆದು ಮಾಡುವ ಕೆಲಸವೇ ಅದು. ಈಗ, ಕೀಯನ್ನು ಆನ್‌ನಿಂದ ಸ್ಟಾರ್ಟ್‌ಗೆ ತಿರುಗಿಸಿದಾಗ ಕೀ ಸ್ವಿಚ್ಚೇ ಕಾಯಿಲಿನ ಕರೆಂಟನ್ನು ಕಡಿದರೆ? ಆ ಕ್ಷಣಕ್ಕೆ ಪಾಯಿಂಟ್ ಮುಚ್ಚಿದ್ದರೆ ಒಂದು ಚೆಂದದ ಕಿಡಿ ಬರುತ್ತದೆ. ಆಮೇಲೆ ಸೆಲ್ಫ್ ತಿರುಗುವಷ್ಟು ಹೊತ್ತೂ ಕಾಯಿಲಿಗೆ ಕರೆಂಟೇ ಇರುವುದಿಲ್ಲ. ಕೀ ಬಿಟ್ಟು ಆನ್‌ಗೆ ಮರಳಿದಾಗ ಕರೆಂಟು ಮತ್ತೆ ಬರುತ್ತದೆ, ಎಂಜಿನ್ ಇನ್ನೂ ತೂಗುತ್ತಿರುತ್ತದೆ, ಒಂದು ಕಿಡಿ ಬೀಳುತ್ತದೆ. ಅದೇ ನಿಮ್ಮ ಕೆಮ್ಮು.

ಇದು ಊಹೆ. ಪರೀಕ್ಷೆಗೆ ಉಪಕರಣವೇನೂ ಬೇಡ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ದೀಪ ಹೊತ್ತುತ್ತದಲ್ಲ, ಸೆಲ್ಫ್ ಹೊಡೆಯುವಾಗ ಅದರ ಮೇಲೆಯೇ ಕಣ್ಣಿಡಿ. ಸ್ವಲ್ಪ ಮಂಕಾಗಬಹುದು, ಆರಬಾರದು. ಕಿಡಿಯನ್ನೂ ಮತ್ತೊಮ್ಮೆ ನೋಡಿ. ಭಾವ ಐದು ಸೆಕೆಂಡು ಕೀ ಹಿಡಿದಿರಲಿ, ನೀವು ಎಣಿಸಿ.

ತೋಟದಮನೆ | ಭಾನುವಾರ ರಾತ್ರಿ 10.05

ಮೇಡಂ, ಟಾರ್ಚ್ ಹಿಡಿದು ಶೆಡ್ಡಿಗೆ ಓಡಿದೆವು.

ಕೀ ತಿರುಗಿಸಿದಾಗ ಒಂದು ಕಿಡಿ. ನಂತರ ಐದು ಸೆಕೆಂಡು ಕತ್ತಲೆ. ಬಿಟ್ಟಾಗ ಒಂದು ಕಿಡಿ. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೆಯೇ. ಬೆಳಿಗ್ಗೆಯೂ ಹೀಗೆಯೇ ಇದ್ದಿರಬೇಕು. ಮೊದಲ ಕಿಡಿ ಕಂಡೊಡನೆ "ಇದೆ ಇದೆ" ಎಂದು ಕೂಗಿದ್ದೆ, ಭಾವ ಕೀ ಬಿಟ್ಟಿದ್ದ.

ಕೆಂಪು ದೀಪ ಸೆಲ್ಫ್ ಹೊಡೆಯುವಾಗ ಪೂರ್ತಿ ಆರುತ್ತದೆ. ಮಂಕಾಗುವುದಲ್ಲ, ಆರಿಯೇ ಹೋಗುತ್ತದೆ.

ನಮ್ಮ ಗಲಾಟೆ ಕೇಳಿ ಅಪ್ಪಯ್ಯ ಕವಳ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದು ನಿಂತರು. "ಇಳಿಜಾರಿನಲ್ಲಿ ಬಿಟ್ಟರೆ ಸ್ಟಾರ್ಟ್ ಆಗುತ್ತದೆಯಲ್ಲ, ಇದೇನು ಹೊಸತೇ?" ಎಂದರು. ಕೇಳಿದರೆ ಏಪ್ರಿಲಿನಿಂದಲೂ ಹೀಗೆಯೇ ಅಂತೆ. ಮೊದಮೊದಲು ಹತ್ತರಲ್ಲಿ ಒಂದು ಸಲ ಕೈಕೊಡುತ್ತಿತ್ತು. ಬ್ಯಾಟರಿ ಇರಬೇಕೆಂದು ಮೇ ತಿಂಗಳಲ್ಲಿ ಬದಲಿಸಿದರು. ಸರಿಹೋಗದಾಗ ಗಾಡಿಯನ್ನು ಅಂಗಳದ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಲು ಶುರುಮಾಡಿದರು: ಕೀ ಆನ್, ಎರಡನೇ ಗೇರು, ಉಣುಗೋಲು ದಾಟುವಷ್ಟರಲ್ಲಿ ಸ್ಟಾರ್ಟ್. ಅದು ವಯಸ್ಸಾದವರ ಜಾಗ್ರತೆ ಎಂದು ನಾವೆಲ್ಲ ತಿಳಿದಿದ್ದೆವು. ಶೆಡ್ಡು ಅಂಗಳಕ್ಕಿಂತ ತಗ್ಗಿನಲ್ಲಿದೆ, ಅಲ್ಲಿ ಇಳಿಜಾರಿನ ಉಪಾಯ ನಡೆಯಲಿಲ್ಲ.

ಹೆದ್ದಾರಿ ಹುಡುಗ | ಭಾನುವಾರ ರಾತ್ರಿ 10.12

ದೀಪ ಆರುತ್ತದೆ ಎಂದರೆ ಬ್ಯಾಟರಿ ಕುಸಿಯುತ್ತಿದೆ. ಹೊಸ ಬ್ಯಾಟರಿಯೂ ಕೆಟ್ಟದ್ದಿರಬಹುದು.

ಓಮನ ನಿಯಮ | ಭಾನುವಾರ ರಾತ್ರಿ 10.30

ಬ್ಯಾಟರಿ ಕುಸಿದರೆ ಸೆಲ್ಫೇ ಮೊದಲು ನರಳುತ್ತದೆ. ಆದರೂ ಸಂಶಯ ಉಳಿಯುವುದು ಬೇಡ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ, 9.6 ವೋಲ್ಟ್‌ಗಿಂತ ಮೇಲಿದ್ದರೆ ಅದನ್ನು ಬಿಟ್ಟುಬಿಡಿ.

ಅಪ್ಪಯ್ಯನವರ ಇಳಿಜಾರು ನನ್ನ ಪರೀಕ್ಷೆಗಿಂತ ಚೆನ್ನಾದ ಪರೀಕ್ಷೆ. ಅಲ್ಲಿ ಕೀ ಆನ್‌ನಲ್ಲೇ ಇರುತ್ತದೆ, ಸ್ಟಾರ್ಟ್‌ಗೆ ಹೋಗುವುದೇ ಇಲ್ಲ. ಎಂಜಿನ್ನಿನಲ್ಲಿ ದೋಷವಿದ್ದಿದ್ದರೆ ಇಳಿಜಾರಿನಲ್ಲೂ ಹತ್ತಿಕೊಳ್ಳುತ್ತಿರಲಿಲ್ಲ.

ನಾಳೆ ಹಗಲು ಹೀಗೆ ಮಾಡಿ. ಇಂಡಿಕೇಟರಿನ 12 ವೋಲ್ಟ್ ಬಲ್ಬಿಗೆ ಎರಡು ವೈರು ಬೆಸೆದುಕೊಳ್ಳಿ. ಒಂದನ್ನು ಬಾಡಿಗೆ, ಇನ್ನೊಂದನ್ನು ಕಾಯಿಲಿನ ಪ್ಲಸ್ ತುದಿಗೆ. ಆನ್‌ನಲ್ಲಿ ಉರಿದು ಸ್ಟಾರ್ಟ್‌ನಲ್ಲಿ ಆರಿದರೆ ಕಾಯಿಲಿಗೆ ಕರೆಂಟು ತಪ್ಪುತ್ತಿರುವುದು ಖಚಿತ. ಸ್ವಿಚ್ಚೋ ನಡುವಣ ವೈರೋ ಎಂದು ತಿಳಿಯಲು ಅದೇ ಬಲ್ಬನ್ನು ಸ್ಟಿಯರಿಂಗ್ ಕೆಳಗೆ ಕೀ ಸ್ವಿಚ್ಚಿನ ಹಿಂದೆ ವೈರುಗಳು ಸೇರುವ ಕಪ್ಲರಿಗೆ ಒಯ್ಯಿರಿ. ಒಂದು ತುದಿಯಲ್ಲಿ ಯಾವಾಗಲೂ ಕರೆಂಟು, ಅದು ಬ್ಯಾಟರಿಯಿಂದ ಬಂದದ್ದು. ಒಂದರಲ್ಲಿ ಸ್ಟಾರ್ಟ್‌ನಲ್ಲಿ ಮಾತ್ರ, ಅದು ಸೆಲ್ಫಿನದು. ಕಾಯಿಲಿಗೆ ಹೋಗುವುದರಲ್ಲಿ ಆನ್ ಮತ್ತು ಸ್ಟಾರ್ಟ್ ಎರಡರಲ್ಲೂ ಇರಬೇಕು. ರೇಡಿಯೋ, ವೈಪರಿನ ತುದಿ ಸ್ಟಾರ್ಟ್‌ನಲ್ಲಿ ಆರುವುದು ಸಹಜ, ಅದನ್ನು ನೋಡಿ ಮೋಸಹೋಗಬೇಡಿ.

ಕೊನೆಯ ಸಾಕ್ಷಿ: ಬ್ಯಾಟರಿಯ ಪ್ಲಸ್‌ನಿಂದ ನಡುವೆ ಫ್ಯೂಸ್ ಹಾಕಿದ ವೈರೊಂದನ್ನು ನೇರ ಕಾಯಿಲಿನ ಪ್ಲಸ್‌ಗೆ ಕೊಟ್ಟು ಸೆಲ್ಫ್ ಹೊಡೆಯಿರಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಹೀಗೆ ಸ್ಟಾರ್ಟ್ ಆದ ಎಂಜಿನ್ ಕೀ ತಿರುಗಿಸಿದರೆ ನಿಲ್ಲುವುದಿಲ್ಲ, ವೈರು ಕಿತ್ತರೇ ನಿಲ್ಲುವುದು. ಎಂಜಿನ್ ನಿಂತಿರುವಾಗ ಆ ವೈರನ್ನು ಹಾಗೆಯೇ ಬಿಟ್ಟು ಚಹಾ ಕುಡಿಯಲು ಹೋದರೆ ಹೊಸ ಕಾಯಿಲ್ ಸುಡುತ್ತದೆ.

ತೋಟದಮನೆ | ಸೋಮವಾರ ಬೆಳಿಗ್ಗೆ 9.50

ಸ್ಟಾರ್ಟ್ ಆಯಿತು! ಎರಡನೇ ಸುತ್ತಿಗೇ ಹತ್ತಿಕೊಂಡಿತು. ಸೈಲೆನ್ಸರಿನಿಂದ ಕಪ್ಪು ಹೊಗೆ ಒಂದು ಬುಟ್ಟಿಯಷ್ಟು ಬಂತು, ಕೊಟ್ಟಿಗೆಯ ಎಮ್ಮೆ ಹೆದರಿ ಹಗ್ಗ ಜಗ್ಗಿತು.

ವರದಿ ಕ್ರಮವಾಗಿ: ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.3 ವೋಲ್ಟ್. ಕಾಯಿಲಿನಲ್ಲಿ ಬಲ್ಬ್ ಆನ್‌ಗೆ ಉರಿಯಿತು, ಸ್ಟಾರ್ಟ್‌ಗೆ ಆರಿತು. ಸ್ವಿಚ್ಚಿನ ಹಿಂದೆಯೂ ಅದೇ ಕಥೆ. ನಡುವಣ ವೈರು ನಿರಪರಾಧಿ.

ಸ್ವಿಚ್ಚಿನ ಹಿಂಭಾಗವನ್ನು ಬಿಚ್ಚಿ ಒಳಗೆ ನೋಡಿದೆ. ಗ್ರೀಸು ಒಣಗಿ ಹಳೆಯ ಬೆಲ್ಲದ ಅಂಟಿನ ಹಾಗಾಗಿದೆ. ತಿರುಗುವ ತಾಮ್ರದ ತುಂಡು ಆನ್‌ನ ಜಾಗದಲ್ಲಿ ಹೊಳೆಯುತ್ತಿದೆ. ಅಲ್ಲಿಂದ ಮುಂದೆ ಸ್ಟಾರ್ಟ್ ಕಡೆಗೆ ಉಗುರಿನ ಅಗಲದಷ್ಟು ಜಾಗ ಸುಟ್ಟು ಕಪ್ಪಾಗಿ ಗುಳಿ ಬಿದ್ದಿದೆ. ಮೂರು ಸಾವಿರ ರೂಪಾಯಿ, ಒಂದು ಟ್ಯಾಂಕಿನ ಪೆಟ್ರೋಲು, ನನ್ನ ಹಬ್ಬದ ರಜೆ, ಎಲ್ಲವೂ ಆ ಗುಳಿಯೊಳಗೆ ಹೋಗಿವೆ.

ಉಜ್ಜಿ ಹಾಕಲೇ, ಹೊಸದು ತರಲೇ? ಭಾವ ಡ್ಯಾಶ್‌ಬೋರ್ಡಿಗೆ ಒಂದು ಪುಷ್ ಬಟನ್ ಕೊರೆದು ಕೂರಿಸೋಣ ಎಂದು ಹುರುಪಿನಲ್ಲಿದ್ದಾನೆ.

ಹಳೆಯ ಪಾನಾ | ಸೋಮವಾರ ಬೆಳಿಗ್ಗೆ 10.40

ಹೊಸದು ತನ್ನಿ. ಉಜ್ಜಿದ್ದು ಆರ್‌ಟಿಒ ಗೇಟಿನವರೆಗೆ ಬರುತ್ತದೆ, ಅಲ್ಲಿ ಸರಿಯಾಗಿ ಕೈಕೊಡುತ್ತದೆ. ಬೀಗ ಸಮೇತ ಇಡೀ ಸೆಟ್ಟು ಬೇಡ, ಹಿಂದಿನ ಸ್ವಿಚ್ಚಿನ ಭಾಗ ಮಾತ್ರ ಸಿಕ್ಕರೆ ಸಾಕು. ಹುಬ್ಬಳ್ಳಿಯಲ್ಲಿ ಹಳೆಯ ಗಾಡಿಗಳ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ, ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ. ಬಟನ್ ಬೇಡ ಎಂದು ಭಾವನವರಿಗೆ ನನ್ನ ಹೆಸರಿನಲ್ಲಿ ಹೇಳಿ. ಮೂಲ ವೈರಿಂಗಿಗೆ ಕೊಡಲಿ ಹಾಕಿದ ಗಾಡಿಯನ್ನು ಮುಂದೆ ಯಾರು ಮುಟ್ಟಿದರೂ ಶಪಿಸುತ್ತಾರೆ. ನಾನೇ ಎಷ್ಟೋ ಜನರನ್ನು ಶಪಿಸಿದ್ದೇನೆ.

ನನ್ನ ತಪ್ಪನ್ನೂ ಬರೆಯಬೇಕು. ಕಿಡಿ ಇದೆ ಎಂದು ನೀವು ಬರೆದಾಗ ನಾನು ತಲೆಯಾಡಿಸಿ ಪೆಟ್ರೋಲಿನ ಕಡೆ ಹೋದೆ. ಗ್ಯಾರೇಜಿನಲ್ಲಾಗಿದ್ದರೆ ನಾನೇ ಬಗ್ಗಿ ನೋಡುತ್ತಿದ್ದೆ, ಸದ್ದಿನಲ್ಲೇ ತಿಳಿಯುತ್ತಿತ್ತು. ಇಲ್ಲಿ ನಿಮ್ಮ ಕಣ್ಣನ್ನು ಎರವಲು ಪಡೆದಿದ್ದೆ, ಏನು ನೋಡಬೇಕೆಂದು ಮಾತ್ರ ಹೇಳಿರಲಿಲ್ಲ. ಮೇಡಂ ಎಣಿಸಲು ಹೇಳಿದರು.

ಇದರ ತಿರುವುಮುರುವು ಕಾಯಿಲೆಯೂ ಒಂದಿದೆ, ಮುಂದೆ ಯಾರಿಗಾದರೂ ಬೇಕಾದೀತು. ಸೆಲ್ಫ್ ಹೊಡೆಯುವವರೆಗೆ ಎಂಜಿನ್ ಹತ್ತಿಕೊಂಡು, ಕೀ ಬಿಟ್ಟೊಡನೆ ಸಾಯುತ್ತದೆ. ಕಾಯಿಲಿಗೆ ರೆಸಿಸ್ಟರ್ ಇಟ್ಟಿರುವ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಕರೆಂಟು ಆ ರೆಸಿಸ್ಟರನ್ನು ಬಿಟ್ಟು ಬೇರೆ ದಾರಿಯಿಂದ ಬರುತ್ತದೆ. ರೆಸಿಸ್ಟರ್ ಕಡಿದರೆ ಹೀಗಾಗುತ್ತದೆ. ಇಲ್ಲವೇ ಸ್ವಿಚ್ಚಿನ ಆನ್ ಜಾಗವೇ ಸುಟ್ಟಿರುತ್ತದೆ.

ಅಪ್ಪಯ್ಯನವರ ಕೀಗೊಂಚಲಿನಲ್ಲಿ ಎಷ್ಟು ಕೀಗಳಿವೆ? ಭಾರದ ಗೊಂಚಲು ತೂಗಾಡಿ ತೂಗಾಡಿ ಬೀಗ, ಸ್ವಿಚ್ಚು ಎರಡನ್ನೂ ಸವೆಸುತ್ತದೆ ಎಂಬುದು ನನ್ನ ನಂಬಿಕೆ.

ಕೋಲಾರದ ಗಾಡಿ | ಸೋಮವಾರ ಮಧ್ಯಾಹ್ನ 12.10

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 1999ರ ಸ್ಯಾಂಟ್ರೋ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡಿಸಿ ನಿಲ್ಲಿಸಿದರೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಅರ್ಧ ಗಂಟೆ ತಣ್ಣಗಾದರೆ ಮತ್ತೆ ಸರಿ. ನಾನೂ ಕಾಯಿಲಿಗೆ ನೇರ ವೈರು ಕೊಟ್ಟು ನೋಡಲೇ?

ಓಮನ ನಿಯಮ | ಸೋಮವಾರ ಮಧ್ಯಾಹ್ನ 1.30

ದಯವಿಟ್ಟು ಬೇಡ. ನಿಮ್ಮದು ಇಂಜೆಕ್ಷನ್ ಗಾಡಿ, ಕಿಡಿ, ಪೆಟ್ರೋಲ್ ಎರಡನ್ನೂ ಕಂಪ್ಯೂಟರ್ ನಡೆಸುತ್ತದೆ. ಕಂಡ ಕಂಡಲ್ಲಿ ಬ್ಯಾಟರಿ ಕೊಟ್ಟರೆ ಅದೇ ಸುಟ್ಟೀತು.

ಬಿಸಿಗೆ ಕೆಟ್ಟು ತಂಪಿಗೆ ಸರಿಯಾಗುವುದು ಕ್ರ್ಯಾಂಕ್ ಸೆನ್ಸರಿನ ಹಳೆಯ ಲಕ್ಷಣ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಕಂಪ್ಯೂಟರಿಗೆ ಹೋಗುವುದು ಅದರಿಂದ. ಸುದ್ದಿ ಬರದಿದ್ದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಆದರೆ ಪೆಟ್ರೋಲ್ ಪಂಪು, ಅದರ ರಿಲೇ ಕೂಡ ಬಿಸಿಗೆ ಹೀಗೆ ಆಡುತ್ತವೆ. ಆದ್ದರಿಂದ ಈಗಲೇ ಸೆನ್ಸರ್ ಕೊಳ್ಳಬೇಡಿ. ಮುಂದಿನ ಸಲ ಕೈಕೊಟ್ಟಾಗ, ತಣ್ಣಗಾಗಲು ಬಿಡುವ ಮೊದಲೇ, ಹಿಂದಿನ ಸೀಟಿಗೆ ಕಿವಿಯಿಟ್ಟು ಬೇರೆ ಯಾರಿಂದಲಾದರೂ ಕೀ ಆನ್ ಮಾಡಿಸಿ. ಎರಡು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಿತೇ? ಸರಿಯಾಗಿರುವಾಗ ಎಂಥ ಸದ್ದು ಎಂಬುದನ್ನು ನಾಳೆ ಬೆಳಿಗ್ಗೆಯೇ ಕೇಳಿ ನೆನಪಿಟ್ಟುಕೊಳ್ಳಿ. ಪರೀಕ್ಷೆ ನಡೆಯಬೇಕಾದದ್ದು ಗಾಡಿ ಕೆಟ್ಟಿರುವಾಗ. ತಣ್ಣಗಾಗಿ ಸರಿಹೋದ ಮೇಲೆ ಗ್ಯಾರೇಜಿಗೆ ಒಯ್ದರೆ ಅವರಿಗೂ ಏನೂ ಸಿಗುವುದಿಲ್ಲ. ಹೊಸ ಚರ್ಚೆ ತೆರೆಯಿರಿ, ಅಲ್ಲಿಗೆ ಬರುತ್ತೇನೆ.

ನಿತ್ಯ ಪ್ರಯಾಣಿಕ | ಸೋಮವಾರ ಮಧ್ಯಾಹ್ನ 2.00

ಗುಜರಿಗೆ ಹಾಕಿ ಎಂದದ್ದನ್ನು ಹಿಂತೆಗೆದುಕೊಂಡಿದ್ದೇನೆ. ಎಮ್ಮೆ ಈಗ ಹೇಗಿದೆ?

ತೋಟದಮನೆ | ಗುರುವಾರ ಸಂಜೆ 7.15

ಎಮ್ಮೆ ಕ್ಷೇಮ.

ಹುಬ್ಬಳ್ಳಿಯ ಮೂರನೆಯ ಅಂಗಡಿಯಲ್ಲಿ ಸ್ವಿಚ್ಚು ಸಿಕ್ಕಿತು, ಐನೂರು ರೂಪಾಯಿಯೊಳಗೆ. ಕೂರಿಸಲು ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಕೆಳಗೆ ಬಿದ್ದ ಒಂದು ಸಣ್ಣ ಸ್ಕ್ರೂ ಹುಡುಕಲು. ಈಗ ಕೆಂಪು ದೀಪ ಸೆಲ್ಫ್ ಹೊಡೆಯುವಾಗಲೂ ಉರಿಯುತ್ತದೆ. ಕಿಡಿ ಎಣಿಸಿದೆ: ಐದು ಸೆಕೆಂಡಿಗೆ ಎಂಟು. ಉಡುಪಿ-ಮಸ್ಕತ್ ಅವರ ಮಾತಿನಂತೆ ಪೆಟ್ರೋಲ್ ಪೈಪನ್ನೂ ಬದಲಿಸಿದೆ, ಹಳೆಯದು ಬಗ್ಗಿಸಿದರೆ ಬಿರುಕು ಬಿಡುತ್ತಿತ್ತು. ತೆಗೆದಿಟ್ಟ ಹಳೆಯ ಕಾಯಿಲ್, ಕಂಡೆನ್ಸರ್ ಕೆಟ್ಟಿರಲೇ ಇಲ್ಲವಾದ್ದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.

ಪಾನಾ ಅವರೇ, ಗೊಂಚಲಿನಲ್ಲಿ ಒಂಬತ್ತು ಕೀಗಳಿದ್ದವು. ಕಪಾಟು, ಪಂಪ್‌ಹೌಸು, ಅಡಿಕೆಯ ಉಗ್ರಾಣ, ಯಾವುದೆಂದು ಯಾರಿಗೂ ನೆನಪಿಲ್ಲದ ಎರಡು. ಅಪ್ಪಯ್ಯ ಕಾರಿನ ಕೀಯನ್ನು ಬಿಡಿಸಿ ಬೇರೆ ದಾರಕ್ಕೆ ಕಟ್ಟಿದ್ದಾರೆ. ನಿನ್ನೆ ಶಿರಸಿಯವರೆಗೆ ತಾವೇ ಓಡಿಸಿಕೊಂಡು ಹೋಗಿ ಬಂದರು. ಬಂದವರು ಅಂಗಳದಲ್ಲಿ ಮತ್ತೆ ಇಳಿಜಾರಿಗೇ ಮುಖ ಮಾಡಿ ನಿಲ್ಲಿಸಿದರು.

ಹಳೆಯ ಪಾನಾ | ಗುರುವಾರ ರಾತ್ರಿ 8.05

ನಿಲ್ಲಿಸಲಿ ಬಿಡಿ. ಚಕ್ರಕ್ಕೆ ಒಂದು ಕಲ್ಲು ಕೊಡಲು ಮಾತ್ರ ಹೇಳಿ. ಹ್ಯಾಂಡ್‌ಬ್ರೇಕಿನ ಕೇಬಲ್ಲೂ 1991ರದ್ದೇ ಇದ್ದೀತು.